ಟೈಲರ್ ಜೇನು ಹಿಡಿದದ್ದು

“ಈ ಸಲ ಎಲ್ಲಿಗೆ ಕಚ್ಚಿದ್ದು?” ಒಲೆಯ ಮುಂದೆ ಕೂತಿದ್ದ ಉಮ್ಮ ತಿರುಗಿಯೂ ನೋಡದೆ ಕೇಳಿದರು.

“ಎಲ್ಲಿಗೂ ಇಲ್ಲ,” ಎಂದರು ಉಪ್ಪ.

ಹಾಗೆ ಹೇಳಿದ ಉಪ್ಪನ ಎಡಗಣ್ಣು ಹೋಟೆಲಿನ ಬನ್ಸಿನಂತೆ ಉಬ್ಬಿ, ಪೂರ್ತಿ ಮುಚ್ಚಿಕೊಂಡಿತ್ತು.

ಮಗಳು ಜುಲೈಕಾ ಶಾಲೆಗೆ ಹೊರಟವಳು ಬಾಗಿಲಲ್ಲೇ ನಿಂತಳು. ಉಪ್ಪನ ಮುಖವನ್ನು ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ನೋಡಿದಳು.

“ಒಳ್ಳೆಯದೇ ಆಯ್ತು ಉಪ್ಪ. ಸೂಜಿಗೆ ನೂಲು ಹಾಕುವಾಗ ಒಂದು ಕಣ್ಣು ಮುಚ್ಚಬೇಕಲ್ಲ? ಆ ಕೆಲಸವನ್ನು ಜೇನೇ ಮಾಡಿ ಕೊಟ್ಟಿದೆ.”

ಉಮ್ಮ ಕಿಸಕ್ಕನೆ ನಕ್ಕರು. ಉಪ್ಪನೂ ನಕ್ಕರು. ನಗುವಾಗ ನೋವಾಗಿ, “ಹಾ!” ಎಂದು ಕೆನ್ನೆ ಹಿಡಿದುಕೊಂಡರು.

ಜುಲೈಕಾಳ ಉಪ್ಪ ಅಬ್ದುಲ್ ಸಮದ್ ಲಾಯಿಲದ ಟೈಲರ್. ಅವರು ಹೊಲಿದ ಅಂಗಿಯ ಕಾಲರು ಹತ್ತು ಸಲ ಒಗೆದರೂ ನೆಟ್ಟಗೆ ನಿಲ್ಲುತ್ತದೆ ಎಂದು ಬೆಳ್ತಂಗಡಿ ಪೇಟೆಯವರೂ ಬಟ್ಟೆ ತಂದು ಕೊಡುತ್ತಿದ್ದರು. ಎಲ್ಲವೂ ಚೆನ್ನಾಗಿಯೇ ಇತ್ತು. ಆದರೆ ಎರಡು ವರ್ಷಗಳ ಹಿಂದೆ, ಐವತ್ತೊಂಬತ್ತನೆಯ ಇಸವಿಯಲ್ಲಿ, ಅವರು ನೂಲಿನ ಉಂಡೆ ತರುತ್ತೇನೆಂದು ಪುತ್ತೂರಿಗೆ ಹೋದರು. ಅಲ್ಲಿ ಯಾರೋ ಜೇನು ಸಾಕುವುದನ್ನು ಕಲಿಸುತ್ತಿದ್ದರಂತೆ. ಉಪ್ಪ ಮೂರು ದಿವಸ ಅಲ್ಲೇ ಉಳಿದರು. ವಾಪಸು ಬರುವಾಗ ನೂಲು ಇರಲಿಲ್ಲ. ತಲೆಯ ಮೇಲೆ ಒಂದು ಜೇನುಪೆಟ್ಟಿಗೆ ಇತ್ತು.

ಅಂದಿನಿಂದ ಊರಿನಲ್ಲಿ ಎಲ್ಲಿ ಪೆಟ್ಟಿಗೆಯಲ್ಲಿ ಸಾಕುವಂಥ ತುಡುವೆ ಜೇನು ಕೂತರೂ ಸಮದ್ ಟೈಲರಿಗೆ ಸುದ್ದಿ. ಸುದ್ದಿ ಬಂದ ಕೂಡಲೇ ಮೆಷಿನು ನಿಲ್ಲುತ್ತಿತ್ತು. ಯಾರದೋ ಅಂಗಿ ಒಂದೇ ಕೈಯದಾಗಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಉಪ್ಪ ಹಿಡಿದು ತಂದ ಜೇನುಗಳು ಮಾತ್ರ ಬಹಳ ಮರ್ಯಾದಸ್ಥರು. ನಾಲ್ಕು ದಿನ, ಹೆಚ್ಚೆಂದರೆ ಹತ್ತು ದಿನ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಉಪ್ಪ ಇಟ್ಟ ಸಕ್ಕರೆ ಪಾಕವನ್ನು ಕುಡಿಯುತ್ತಿದ್ದವು. ಆಮೇಲೆ, ನಿಮಗೆ ಇನ್ನು ತೊಂದರೆ ಕೊಡುವುದು ಸರಿಯಲ್ಲ ಎಂಬಂತೆ ಎಲ್ಲವೂ ಒಟ್ಟಿಗೆ ಎದ್ದು ಹೋಗುತ್ತಿದ್ದವು. ಹಿತ್ತಲಿನಲ್ಲಿ ಸಾಲಾಗಿ ಇಟ್ಟ ನಾಲ್ಕು ಪೆಟ್ಟಿಗೆಗಳಿಗೆ ಜುಲೈಕಾ ‘ಸಮದ್ ಲಾಡ್ಜ್’ ಎಂದು ಹೆಸರಿಟ್ಟಿದ್ದಳು. ಊಟ ಫ್ರೀ, ವಸತಿ ಫ್ರೀ. ಮನೆಯವರ ಚಹಾಕ್ಕೆ ಬೆಲ್ಲ, ಲಾಡ್ಜಿನವರಿಗೆ ಸಕ್ಕರೆ.

ಎರಡು ವರ್ಷಗಳಲ್ಲಿ ಮನೆಗೆ ಸಿಕ್ಕಿದ ಜೇನುತುಪ್ಪ ಎಷ್ಟು? ಒಂದು ಚಮಚ. ಅದನ್ನೂ ಉಮ್ಮ, ಜೇನಿಗೆ ಹಾಕುವ ಹೊಗೆ ಕುಡಿದು ಕೆಮ್ಮುತ್ತಿದ್ದ ಉಪ್ಪನಿಗೇ ನೆಕ್ಕಿಸಿದರು.

ಅಂದು ಶನಿವಾರ. ಬೆಳ್ತಂಗಡಿ ಶಾಲೆಯ ಐದನೇ ಕ್ಲಾಸಿನಲ್ಲಿ ಬಾಲಸಭೆ. ಅಣ್ಣು ಎಂಬ ಹುಡುಗ ಪ್ರತಿ ವಾರ ಹಾಡುವ ಹಾಡನ್ನೇ ಈ ವಾರವೂ ಹಾಡಿದ. ಪ್ರತಿ ವಾರ ಮರೆಯುವ ಸಾಲನ್ನೇ ಈ ವಾರವೂ ಮರೆತ. ಕಮಲಾಕ್ಷ ಮಾಸ್ಟ್ರು ಆಕಳಿಸಿದರು.

“ಮಾಸ್ಟ್ರೇ, ಜುಲೈಕಾ ಅಭಿನಯ ಮಾಡ್ಲಿ!” ಎಂದು ಹಿಂದಿನ ಬೆಂಚಿನವರು ಕೂಗಿದರು.

ಜುಲೈಕಾಳಿಗೆ ಎರಡು ಸಲ ಹೇಳಬೇಕಾಗಲಿಲ್ಲ. ಮೂಲೆಯಲ್ಲಿದ್ದ ಕಸದ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡಳು. ಮಾಸ್ಟ್ರ ಶಾಲನ್ನು ಕೇಳಿ ಪಡೆದು ಮುಖದ ಮುಂದೆ ಇಳಿಬಿಟ್ಟಳು. ಒಂದು ಕೈಯಲ್ಲಿ ಡಸ್ಟರು ಹಿಡಿದಳು.

“ಟೈಲರ್ ಜೇನು ಹಿಡಿದದ್ದು,” ಎಂದು ಘೋಷಿಸಿದಳು.

ಡಸ್ಟರನ್ನು ಮೇಜಿಗೆ ಬಡಿದಳು. ಪುಸ್! ಸೀಮೆಸುಣ್ಣದ ಹೊಗೆ ಎದ್ದಿತು. ಮತ್ತೆ ಬಡಿದಳು. ಪುಸ್! ಪುಸ್!

“ಬನ್ನಿ, ಬನ್ನಿ. ಹೆದರಬೇಡಿ. ಮೊದಲು ಅಳತೆ ತೆಗೆಯುವ. ಅಬ್ಬ, ನಿಮ್ಮ ಸೊಂಟ ಎಷ್ಟು ಸಣ್ಣ! ಅಂಗಿಗೆ ಆರು ಕೈ ಇಡಬೇಕಲ್ಲ ಮಾರಾಯ್ರೆ… ಅಯ್ಯಯ್ಯೋ!”

ಅಯ್ಯಯ್ಯೋ ಎಂದವಳು ಬೆಂಚಿನ ಎತ್ತರಕ್ಕೆ ಹಾರಿದಳು. ಶಾಲು ಬೀಸಿದಳು, ಬುಟ್ಟಿ ಬೀಳಿಸಿದಳು, ಮೇಜಿಗೆ ಮೂರು ಸುತ್ತು ಬಂದಳು. ಕೊನೆಗೆ ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿ, “ಎಂತದ್ದೂ ಆಗ್ಲಿಲ್ಲ!” ಎಂದು ಎಲ್ಲರಿಗೂ ಕೈಮುಗಿದಳು.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕಮಲಾಕ್ಷ ಮಾಸ್ಟ್ರು ಕನ್ನಡಕ ತೆಗೆದು ಕಣ್ಣೊರಸಿಕೊಂಡರು. ಅಣ್ಣು ನಗುತ್ತಾ ನಗುತ್ತಾ ಕಿಟಕಿಯ ಕಡೆ ತಿರುಗಿದವನು ಹಾಗೇ ಕೈ ತೋರಿಸಿದ.

ಕಿಟಕಿಯ ಹೊರಗೆ ಉಪ್ಪ ನಿಂತಿದ್ದರು. ಮಾಸ್ಟ್ರಿಗೆ ಹೊಲಿದ ಕೋಟು ಮಡಿಸಿ ಎದೆಗೆ ಹಿಡಿದುಕೊಂಡಿದ್ದರು. ಒಂದು ಕಣ್ಣು ಮುಚ್ಚಿತ್ತು. ಅವರೂ ನಗುತ್ತಿದ್ದರು.

ನಿಜವಾದ ಟೈಲರನ್ನು ನೋಡಿದ ಮಕ್ಕಳಿಗೆ ಇನ್ನೂ ಜೋರು ನಗು ಬಂತು. ಉಪ್ಪ ಕೋಟನ್ನು ಕಿಟಕಿಯಿಂದ ಮಾಸ್ಟ್ರ ಕೈಗೆ ಕೊಟ್ಟರು. ಜುಲೈಕಾ ಕಸದ ಬುಟ್ಟಿಯನ್ನು ಎತ್ತಿ ಮೂಲೆಯಲ್ಲಿ ಇಟ್ಟಳು. ಅದನ್ನು ಸರಿಯಾಗಿ ಇಡುವುದಕ್ಕೆ ಅವಳಿಗೆ ಬಹಳ ಹೊತ್ತು ಬೇಕಾಯಿತು.

ಗಂಟೆ ಹೊಡೆದ ಮೇಲೆ ಅಪ್ಪ, ಮಗಳು ಇಬ್ಬರೂ ಒಟ್ಟಿಗೆ ಲಾಯಿಲದ ಕಡೆ ನಡೆದರು. ಉಪ್ಪ ಬೈದರೆ ಏನು ಹೇಳಬೇಕೆಂದು ಜುಲೈಕಾ ಮೂರು ಉತ್ತರ ತಯಾರು ಮಾಡಿಟ್ಟಿದ್ದಳು. ಮೂರೂ ಚುರುಕಾಗಿದ್ದವು.

“ಒಂದು ತಪ್ಪು ಮಾಡಿದೆ ನೀನು,” ಎಂದರು ಉಪ್ಪ.

ಜುಲೈಕಾ ಮೊದಲನೆಯ ಉತ್ತರವನ್ನು ನಾಲಿಗೆಗೆ ತಂದುಕೊಂಡಳು.

“ಹೊಗೆಯನ್ನು ಹಾಗೆ ಬಸ್ಸಿನ ಹಾರನ್ ಒತ್ತಿದ ಹಾಗೆ ಬಿಡ್ಲಿಕ್ಕಿಲ್ಲ. ಮೆಲ್ಲ ಬಿಡಬೇಕು. ಮಲಗಿದ ಮಗುವಿಗೆ ಗಾಳಿ ಹಾಕುವ ಹಾಗೆ.”

“ಮತ್ತೆ?”

“ಮತ್ತೆ ಎಂತ ಇಲ್ಲ. ಉಳಿದದ್ದೆಲ್ಲ ಸರಿ ಇತ್ತು. ಕುಣಿಯುವುದು ಸಹ ನಾನು ಹೆಚ್ಚುಕಡಿಮೆ ಹಾಗೇ.”

ಜುಲೈಕಾಳ ಮೂರೂ ಉತ್ತರಗಳು ವ್ಯರ್ಥವಾದವು. ಉಪ್ಪ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

“ನಾಳೆ ಧರ್ಣಪ್ಪಣ್ಣನಲ್ಲಿಗೆ ಹೋಗಲಿಕ್ಕುಂಟು,” ಎಂದರು ಉಪ್ಪ. “ಅವರ ಹಲಸಿನ ಮರದ ಪೊಟರೆಯಲ್ಲಿ ಜೇನಿನ ಒಂದು ಕುಟುಂಬ ಉಂಟಂತೆ. ಸೋಮವಾರ ಮರ ಕಡಿಯುವವರು ಬರ್ತಾರೆ. ನೀನೂ ಬಾ. ಹತ್ತಿರ ನಿಂತು ನೋಡು. ಮತ್ತೆ ಇನ್ನೂ ಚಂದ ಮಾಡಿ ತೋರಿಸಬಹುದು.”

ಧರ್ಣಪ್ಪ ಅಣ್ಣುವಿನ ಅಪ್ಪ. ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಹೊತ್ತುಕೊಂಡು ಇಬ್ಬರೂ ಅವರ ಅಂಗಳಕ್ಕೆ ಹೋದಾಗ, ಅಲ್ಲಿ ಜಾತ್ರೆಗೆ ಸೇರಿದ ಹಾಗೆ ಮಕ್ಕಳು ಸೇರಿದ್ದರು. ಅಣ್ಣು ಊರಿಗೆಲ್ಲ ಹೇಳಿದ್ದ. ಹದಿನೈದು ಮಂದಿ ಗದ್ದೆಯಂಚಿನ ಕಟ್ಟಪುಣಿಯ ಮೇಲೆ ಸಾಲಾಗಿ ಕೂತಿದ್ದರು. ಹಲಸಿನ ಮರದ ಬುಡಕ್ಕೆ ಒಣ ತೆಂಗಿನಗರಿಯನ್ನು ಬಿಗಿಯಾಗಿ ಕಟ್ಟಿದ ಒಂದು ಸೂಟೆಯನ್ನು ಒರಗಿಸಿ ಇಟ್ಟಿತ್ತು. ಬೆಂಕಿ ತಾಗಿಸುವುದೊಂದೇ ಬಾಕಿ.

“ಬನ್ನಿ ಟೈಲರೇ,” ಎಂದರು ಧರ್ಣಪ್ಪ. “ಮೊದಲು ಅಳತೆ ತೆಗೆಯುತ್ತೀರಾ? ಅಂಗಿಗೆ ಆರು ಕೈ ಅಲ್ವಾ?”

ಮಕ್ಕಳು ಹೋ ಎಂದು ನಕ್ಕರು.

ಜುಲೈಕಾಳ ಕಿವಿ ಬಿಸಿಯಾಯಿತು. ಅದು ಅವಳದೇ ಮಾತು. ನಿನ್ನೆ ಹನ್ನೊಂದು ಗಂಟೆಗೆ ಬೆಳ್ತಂಗಡಿಯ ಕ್ಲಾಸಿನಲ್ಲಿ ಹೇಳಿದ್ದು, ಇವತ್ತು ಅವರಿಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು.

“ಹನ್ನೊಂದು ಗಂಟೆಯವರೆಗೆ ಟೈಮ್ ಕೊಡ್ತೇನೆ,” ಎಂದರು ಧರ್ಣಪ್ಪ. “ಆಗದಿದ್ದರೆ ಸೂಟೆ ಹಿಡಿದು ಸುಡುವುದೇ. ನಾಳೆ ಕೆಲಸದವರಿಗೆ ಕಚ್ಚಿದರೆ ನನಗೆ ತಲೆನೋವು. ಮತ್ತೆ ನೋಡಿ, ಪೊಟರೆ ದೊಡ್ಡದು ಮಾಡ್ತೇನೆ ಅಂತ ಮರಕ್ಕೆ ಉಳಿ ತಾಗಿಸಬೇಡಿ. ಹೊಸ ಮನೆಯ ಬಾಗಿಲಿನ ದಾರಂದಕ್ಕೆ ಅಂತ ಇಟ್ಟ ಮರ.”

“ಉಳಿ ತಾಗಿದರೆ ಮರ ಹಾಳಾಗ್ತದೆ,” ಎಂದಳು ಜುಲೈಕಾ. “ಬೆಂಕಿ ತಾಗಿದರೆ ಗಟ್ಟಿ ಆಗ್ತದೋ ಏನೋ!”

“ಎಂಥ ಬಾಯಿ ಮಾರಾಯ್ರೆ ನಿಮ್ಮ ಮಗಳಿಗೆ!”

“ಜುಲೈಕಾ, ಸುಮ್ಮನಿರು,” ಎಂದರು ಉಪ್ಪ. ಅವರು ಮುಟ್ಟಾಳೆ ಹಾಕಿಕೊಂಡರು. ಅಡಿಕೆ ಹಾಳೆಯ ಆ ಟೊಪ್ಪಿಯ ಸುತ್ತ ಸೊಳ್ಳೆಪರದೆಯ ತುಂಡನ್ನು ಅವರೇ ಹೊಲಿದಿದ್ದರು. ಇನ್ನೂ ಏನೂ ಮಾಡಿರಲಿಲ್ಲ, ಮಕ್ಕಳು ಆಗಲೇ ನಗತೊಡಗಿದರು. ತೂತು ಕೊರೆದ ಡಬ್ಬಿಯಲ್ಲಿ ತೆಂಗಿನ ಸಿಪ್ಪೆಗೆ ಕಿಡಿ ತಾಗಿಸಿ ಉಪ್ಪ ಹೊಗೆ ಎಬ್ಬಿಸಿದರು.

“ಪುಸ್!” ಎಂದ ಅಣ್ಣು.

“ಪುಸ್! ಪುಸ್!” ಎಂದವು ಹದಿನೈದು ಬಾಯಿಗಳು.

ಉಪ್ಪ ಪುಸ್ ಎನ್ನಿಸಲಿಲ್ಲ. ಡಬ್ಬಿಯನ್ನು ಪೊಟರೆಯ ಬಾಯಿಗೆ ಹಿಡಿದು, ಮೆಲ್ಲನೆ ಊದಿ, ಸುಮ್ಮನೆ ಕಾದರು. ಮತ್ತೆ ಮೆಲ್ಲನೆ ಊದಿದರು. ಜುಲೈಕಾ ಹತ್ತಿರವೇ ನಿಂತಿದ್ದಳು. ಒಳಗಿನಿಂದ ಬರುತ್ತಿದ್ದ ಸದ್ದು ತಗ್ಗುತ್ತಾ ತಗ್ಗುತ್ತಾ, ದೂರದಲ್ಲಿ ಯಾರೋ ಮೆಷಿನು ತುಳಿದ ಹಾಗೆ ಆಯಿತು.

ಉಪ್ಪ ಕೈ ಒಳಗೆ ಹಾಕಿದರು. ಚಾಕುವಿನಿಂದ ಕೊಯ್ದು ಮೇಣದ ಗೂಡಿನ ಒಂದು ಎರಿ ತೆಗೆದರು. ಮರದ ಚೌಕಟ್ಟಿಗೆ ಬಾಳೆ ನಾರಿನಿಂದ ಅದನ್ನು ಕಟ್ಟಿ ಪೆಟ್ಟಿಗೆಯೊಳಗೆ ಇಳಿಸಿದರು. ಇನ್ನೊಂದು ಎರಿ. ಮತ್ತೊಂದು. ಗಂಟು ಹಾಕುವಾಗ ಅವರ ಬೆರಳುಗಳ ಮೇಲೆ ಜೇನುಗಳು ಓಡಾಡುತ್ತಿದ್ದವು. ಬೆರಳುಗಳು ನಡುಗುತ್ತಿರಲಿಲ್ಲ.

ಅಷ್ಟಾದ ಮೇಲೆ ಕೈ ಮೊಣಕೈಯವರೆಗೆ ಹೋಗಿ ಸಿಕ್ಕಿಬಿತ್ತು.

“ರಾಣಿ ಒಳಗೆ ಮೂಲೆಗೆ ಹೋಗಿದೆ,” ಎಂದರು ಉಪ್ಪ. “ಅದು ಬಾರದೆ ಉಳಿದವು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ.” ತೋಳು ತಿರುಗಿಸಿದರು, ಭುಜ ಒತ್ತಿದರು. ಚರ್ಮ ತರಚಿತು.

“ಕೈ ಸಿಕ್ಕಿಹಾಕಿಕೊಂಡಿತು!” ಎಂದು ಮಕ್ಕಳು ಚಪ್ಪಾಳೆ ತಟ್ಟಿದರು.

ಧರ್ಣಪ್ಪ ಒಳಗೆ ಹೋಗಿ ಗಡಿಯಾರ ನೋಡಿ ಬಂದರು. “ಹತ್ತೂ ಮುಕ್ಕಾಲು,” ಎಂದು, ಬೆಂಕಿಪೊಟ್ಟಣವನ್ನು ಕಿಸೆಯಿಂದ ತೆಗೆದರು.

ಜುಲೈಕಾ ತನ್ನ ಕೈ ನೋಡಿಕೊಂಡಳು. ಉಮ್ಮ ಬಳೆ ತೊಡಿಸುವಾಗಲೆಲ್ಲ, ಇದು ಕೈಯೋ ಪೊರಕೆಯ ಹಿಡಿಕಡ್ಡಿಯೋ ಎನ್ನುತ್ತಿದ್ದ ಕೈ.

“ಉಪ್ಪ, ನನ್ನ ಕೈ ಹೋಗ್ತದೆ.”

“ಬೇಡ.”

“ನಿಮ್ಮ ಕೈಯಂತೂ ಹೋಗುವುದಿಲ್ಲ. ಧರ್ಣಪ್ಪಣ್ಣನ ಸೂಟೆ ಸರಾಗ ಹೋಗ್ತದೆ.”

ಮಾತು ಎಂದಿನ ಹಾಗೆ ಚುರುಕಾಗಿತ್ತು. ಹೇಳುತ್ತಲೇ ಅವಳು ಅಂಗಿಯ ತೋಳು ಮಡಚಿಕೊಂಡಳು. ಉಪ್ಪ ತೆರೆದಿದ್ದ ಒಂದೇ ಕಣ್ಣಿನಿಂದ ಅವಳನ್ನು ನೋಡಿದರು. ಆಮೇಲೆ ಮುಟ್ಟಾಳೆ ತೆಗೆದು ಅವಳ ತಲೆಗೆ ಇಟ್ಟರು. ಪರದೆ ಅವಳ ಸೊಂಟದವರೆಗೆ ಬಂತು. ಈಗ ಉಪ್ಪನದು ಬರಿತಲೆ.

“ಕಚ್ಚಿದರೆ ಕೈ ಎಳೆಯಬೇಡ. ಎಳೆದರೆ ಮತ್ತೊಂದು ಕಚ್ತದೆ. ಕಚ್ಚಾ ಹೊಲಿಗೆ ಬಿಚ್ಚುವ ಹಾಗೆ, ಮೆಲ್ಲ. ಗೊಂಚಲು ಸಿಗ್ತದೆ. ಅಡಿಯಿಂದ ಎತ್ತು. ಹಿಸುಕಬೇಡ.”

ಪೊಟರೆಯ ಒಳಗೆ ಬೆಚ್ಚಗಿತ್ತು. ಇಷ್ಟು ಬೆಚ್ಚಗೆ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೇಣದ ವಾಸನೆ, ಹೊಗೆಯ ವಾಸನೆ. ಕೈ ಮುಂದೆ ಮುಂದೆ ಹೋಯಿತು. ಬೆರಳ ತುದಿಗೆ ಏನೋ ತಾಗಿತು. ಈಗಷ್ಟೇ ಹುರಿದ ಅರಳಿಗೆ ಜೀವ ಬಂದು ಹರಿದಾಡಿದರೆ ಹೀಗಿರಬಹುದು. ಅವು ಅವಳ ಬೆರಳುಗಳ ಸಂದಿಯಲ್ಲಿ ನುಸುಳಿದವು, ಅಂಗೈ ದಾಟಿದವು, ಮಣಿಗಂಟು ಹತ್ತಿದವು. ಅವುಗಳಿಗೆ ಅವುಗಳದೇ ಗಡಿಬಿಡಿ.

ಕಿರುಬೆರಳಿನ ಬುಡಕ್ಕೆ ಕೆಂಡ ಇಟ್ಟ ಹಾಗಾಯಿತು.

ಕಣ್ಣಲ್ಲಿ ನೀರು ಚಿಮ್ಮಿತು. ನಿನ್ನೆ ಕ್ಲಾಸಿನ ಅಭಿನಯದಲ್ಲಿ ಇದೇ ಘಟ್ಟಕ್ಕೆ ಬಂದಾಗ ಅವಳು ಬೆಂಚಿನೆತ್ತರ ಹಾರಿದ್ದಳು. ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು ಆಗಲೇ. ಕೈ ಎಳೆಯಬೇಕೆಂದು ಇಡೀ ತೋಳು ಕೂಗುತ್ತಿತ್ತು. ಅವಳು ಹಲ್ಲು ಕಚ್ಚಿ ಕೈಯನ್ನು ಅಲ್ಲೇ ಇಟ್ಟಳು.

“ಕಚ್ಚಿತಾ?” ಉಪ್ಪ ಪಿಸುಗುಟ್ಟಿದರು.

“ಎಲ್ಲಿಗೂ ಇಲ್ಲ,” ಎಂದಳು ಜುಲೈಕಾ.

ಗೊಂಚಲಿನ ಅಡಿಗೆ ಅಂಗೈ ಜಾರಿಸಿ, ಎತ್ತಿ, ಹೊರಗೆ ತಂದು ಪೆಟ್ಟಿಗೆಯೊಳಗೆ ಇಳಿಸಿದಳು. ಉಪ್ಪ ಬಗ್ಗಿ ಹುಡುಕಿದರು. ತಲೆ ಆಡಿಸಿದರು. ಎರಡನೆಯ ಹಿಡಿ. ಅದರಲ್ಲಿಯೂ ಇಲ್ಲ. ಎರಡು ಕಡೆ ಕಚ್ಚಿತು. ಮೂರನೆಯ ಹಿಡಿಯನ್ನು ಇಳಿಸುವಾಗ ಉಪ್ಪ ಅವಳ ಮಣಿಗಂಟು ಹಿಡಿದುಕೊಂಡರು.

“ಅಲ್ಲಿ! ಉದ್ದದ್ದು, ಕಪ್ಪು ಕಪ್ಪಾಗಿ ಉಂಟು, ನೋಡು. ಅದೇ ರಾಣಿ.”

ಬೇರೆಯವುಗಳ ನಡುವೆ ಒಂದು ಜೇನು ಅವಸರವಿಲ್ಲದೆ ಎರಿಯ ಸಂದಿಗೆ ಇಳಿದು ಹೋಯಿತು. ಅಷ್ಟೇ. ಮರುಕ್ಷಣ ಪೆಟ್ಟಿಗೆಯ ಬಾಗಿಲಲ್ಲಿ ಕೆಲವು ಜೇನುಗಳು ಬಾಲ ಎತ್ತಿ ನಿಂತು ರೆಕ್ಕೆ ಬೀಸತೊಡಗಿದವು. ಪೊಟರೆಯಲ್ಲಿ ಉಳಿದವು ಸಾಲಾಗಿ ಹೊರಬಂದವು. ಒಂದರ ಹಿಂದೆ ಒಂದು, ಪೆಟ್ಟಿಗೆಯೊಳಗೆ ನಡೆದವು.

ಕಟ್ಟಪುಣಿಯ ಮೇಲೆ ಯಾರೂ ನಗುತ್ತಿರಲಿಲ್ಲ. ನಗಲಿಕ್ಕೆ ಏನೂ ಆಗುತ್ತಿರಲಿಲ್ಲ. ಯಾರೂ ಹಾರಲಿಲ್ಲ, ಯಾರೂ ಓಡಲಿಲ್ಲ.

“ಎಂತದ್ದೂ ಇಲ್ಲ ಮಾರಾಯ, ಹೋಗುವ,” ಎಂದ ಅಣ್ಣು. ಪ್ರೇಕ್ಷಕರು ಎದ್ದು ಚಡ್ಡಿ ಕೊಡವಿಕೊಂಡು ಹೋದರು.

“ಸೂಟೆ ಕಟ್ಟಿದ್ದು ವೇಸ್ಟ್ ಆಯ್ತು,” ಎಂದು ಧರ್ಣಪ್ಪ ನಿಜವಾಗಿಯೂ ಬೇಸರಪಟ್ಟುಕೊಂಡರು.

ಜುಲೈಕಾಳಿಗೆ ಕಚ್ಚಿದ್ದು ನಾಲ್ಕು. ಉಪ್ಪನ ಬರಿತಲೆಗೆ ಎಷ್ಟೆಂದು ಉಮ್ಮ ಮುಳ್ಳು ಕೀಳುವಾಗ ಎಣಿಸಿದರು. ಹನ್ನೊಂದು. “ತಲೆಗೆ ಕಚ್ಚಿದ್ದಕ್ಕೆ ಅವುಗಳಿಗೇನೂ ಸಿಗಲಿಲ್ಲ, ಪಾಪ. ಒಳಗೆ ಖಾಲಿ ಅಲ್ವಾ?” ಎಂದರು ಉಮ್ಮ. ಎಂದಿನಂತೆ ಜುಲೈಕಾ ನಗಲಿಲ್ಲ ಎಂಬುದನ್ನು ಗಮನಿಸಿ, ಅವಳ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಆ ವಾರವೆಲ್ಲ ಸಕ್ಕರೆ ಪಾಕ ಇಡುವ ಕೆಲಸವನ್ನು ಜುಲೈಕಾಳೇ ಮಾಡಿದಳು. ಶಾಲೆಗೆ ಹೋಗುವ ಮೊದಲು ಪೆಟ್ಟಿಗೆಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಕಾಲಿಗೆ ಹಳದಿ ಹುಡಿ ಅಂಟಿಸಿಕೊಂಡು ಬರುವವುಗಳನ್ನು ನೋಡುತ್ತಿದ್ದಳು. ಈ ಸಲದವು ಹೋಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ತಾನೇ ಕೈಯಾರೆ ತಂದವಲ್ಲವೇ?

ಮುಂದಿನ ಭಾನುವಾರ, ಬಿಸಿಲು ಏರುವ ಹೊತ್ತಿಗೆ, ಅವು ಹೋದವು.

ಮೊದಲು ಒಂದು ಗುಂಯ್ ಎಂಬ ಸದ್ದು. ಜುಲೈಕಾ ಹಿತ್ತಲಿಗೆ ಓಡಿ ಬರುವಾಗ ಪೆಟ್ಟಿಗೆಯ ಬಾಗಿಲಿನಿಂದ ಜೇನು ಧಾರೆಯಾಗಿ ಸುರಿಯುತ್ತಿತ್ತು. ಮಣ್ಣು ಎರಚಿದರೆ ಹತ್ತಿರ ಎಲ್ಲಾದರೂ ಕೂರುತ್ತವೆ ಎಂದು ಉಪ್ಪ ಹೇಳಿದ್ದರು. ಅವಳು ಹಿಡಿ ಹಿಡಿ ಮಣ್ಣು ಎರಚಿದಳು. ಅದೆಲ್ಲ ಅವಳ ತಲೆಯ ಮೇಲೆಯೇ ಬಿತ್ತು. ಕಪ್ಪು ಮೋಡ ಬೇಲಿ ದಾಟಿತು. ಅವಳೂ ದಾಟಿದಳು. ಮಾರ್ಗ ದಾಟಿ, ಗದ್ದೆ ದಾಟಿ ಓಡಿದಳು. ಗುಡ್ಡೆಯ ಬುಡದಲ್ಲಿ ಕಾಲಿಗೆ ಮುಳ್ಳು ಚುಚ್ಚಿತು. ಮೋಡ ಮೇಲೆ ಮೇಲೆ ಹೋಗಿ ಮರಗಳ ಹಿಂದೆ ಕಾಣದಾಯಿತು.

ಕುಂಟುತ್ತಾ ವಾಪಸು ಬಂದಾಗ ಉಪ್ಪ ಖಾಲಿ ಪೆಟ್ಟಿಗೆಯ ಹತ್ತಿರ ನಿಂತಿದ್ದರು. ಕುತ್ತಿಗೆಗೆ ಅಳತೆ ಟೇಪು ನೇತಾಡುತ್ತಿತ್ತು.

“ಯಾವ ಕಡೆಗೆ ಹೋದವು?”

“ಗುಡ್ಡೆಗೆ.” ಜುಲೈಕಾ ಅಳು ತಡೆದುಕೊಂಡಳು. “ಮರ್ಯಾದೆ ಇಲ್ಲದವು! ಸಕ್ಕರೆ ತಿಂದು ಓಡಿದವು!”

“ಎಲ್ಲವೂ ಒಟ್ಟಿಗೇ ಹೋದವಾ?”

“ಎಲ್ಲವೂ.”

“ಹಾಗಾದರೆ ರಾಣಿಯೂ ಉಂಟು.” ಉಪ್ಪನ ಮುಖ ಸ್ವಲ್ಪ ಗೆಲುವಾಯಿತು. “ಗುಡ್ಡೆಯಲ್ಲಿ ಗೇರುಮರ ಹೂ ಬಿಟ್ಟಿದೆ. ತೊಂದರೆ ಇಲ್ಲ ಅವಕ್ಕೆ.”

“ನಿಮಗೆ ಬೇಸರ ಆಗುವುದಿಲ್ವಾ?”

“ಆಗದೆ? ಆಗ್ತದೆ.”

“ಮತ್ತೆ ಯಾಕೆ ಹಿಡಿದು ತರುವುದು? ಪ್ರತಿ ಸಲ ಹೋಗ್ತವಲ್ಲ?”

ಉಪ್ಪ ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ನೋಡಿದರು. ಉತ್ತರ ಅಲ್ಲಿ ಇರಬಹುದು ಎಂಬ ಹಾಗೆ.

“ನಿಂತರೆ ಒಳ್ಳೆಯದು ಅಂತ ತರುವುದು,” ಎಂದರು. ಮುಚ್ಚಳವನ್ನು ಮತ್ತೆ ಇಟ್ಟು, “ಧರ್ಣಪ್ಪಣ್ಣ ಕಟ್ಟಿಟ್ಟ ಸೂಟೆ ನೋಡಿದೆಯಲ್ಲ?” ಎಂದು ಕೇಳಿದರು.

“ನೋಡಿದೆ.”

“ಎಲ್ಲರೂ ಕಟ್ಟಿಟ್ಟೇ ನನಗೆ ಹೇಳಿ ಕಳಿಸುವುದು.”

ಅಷ್ಟು ಹೇಳಿ ಅವರು ಮೆಷಿನಿಗೆ ಹೋದರು.

ಜುಲೈಕಾ ಕಾಲಿನ ಮುಳ್ಳು ತೆಗೆಯುತ್ತಾ ಅಲ್ಲೇ ಕೂತಳು. ಹೋದ ವರ್ಷ ಅಕ್ಕಿ ಮಿಲ್ಲಿನ ಹಂಚಿನ ಮಾಡಿನಲ್ಲಿ ಕೂತ ಜೇನು. ಅಲ್ಲಿ ಗೋಡೆಗೆ ಒರಗಿಸಿ ಏನೋ ಇಟ್ಟಿತ್ತು. ಹಳೆಯ ಬಾವಿಯ ಕಟ್ಟೆಯಲ್ಲಿ ಸಿಕ್ಕಿದವು. ಅಲ್ಲಿ ಒಂದು ಸೀಮೆಎಣ್ಣೆ ಡಬ್ಬಿ ಇತ್ತು. ಅದನ್ನು ಎಡವಿ ಉಪ್ಪ ಬಿದ್ದದ್ದನ್ನು ಅವಳು ಎಷ್ಟು ಸಲ ಮಾಡಿ ತೋರಿಸಿರಲಿಲ್ಲ! ಡಬ್ಬಿ ಅಲ್ಲಿ ಯಾಕೆ ಇತ್ತು ಎಂದು ಮಾತ್ರ ಕೇಳಿರಲಿಲ್ಲ. ಅವಳು ಗುಡ್ಡೆಯ ಕಡೆ ನೋಡಿದಳು. ಅಲ್ಲಿ ಈಗ ಎಷ್ಟು ಕುಟುಂಬಗಳು ಇರಬಹುದು?

“ಓ, ಹೋದವಾ? ಪುನಃ?” ಬೇಲಿಯ ಆಚೆಯಿಂದ ಅಣ್ಣುವಿನ ತಲೆ ಕಂಡಿತು. ಅಪ್ಪನ ಅಂಗಿ ಕೇಳಲು ಬಂದವನು ಬಾ ಎನ್ನುವ ಮೊದಲೇ ಒಳಗೆ ಬಂದ. “ನೀನು ಓಡಿದ್ದನ್ನು ನಾನು ನೋಡಿದೆ ಮಾರಾಯ್ತಿ! ತಲೆಯ ಮೇಲೆಲ್ಲ ಮಣ್ಣು! ಶನಿವಾರ ಇದನ್ನೂ ಸೇರಿಸಿ ಮಾಡು, ಆಯ್ತಾ?”

ಜುಲೈಕಾಳ ನಾಲಿಗೆಯ ತುದಿಗೆ ಒಂದು ಮಾತು ಬಂತು. ಒಳ್ಳೆಯ ಮಾತು. ಕೇಳಿದ್ದರೆ ಉಮ್ಮನೂ ನಗುತ್ತಿದ್ದರು. ಅವಳು ಅದನ್ನು ನುಂಗಿಕೊಂಡಳು.

“ನಿಮ್ಮಲ್ಲಿ ಬೇರೆ ಕಡೆ ಎಲ್ಲಾದರೂ ಜೇನು ಕೂತದ್ದುಂಟಾ?” ಎಂದು ಕೇಳಿದಳು.

“ಉಂಟು, ಕೊಟ್ಟಿಗೆಯ ಹಿಂದಿನ ಹುತ್ತದಲ್ಲಿ. ಇವತ್ತು ಸಂಜೆ ಅಪ್ಪ ಸೂಟೆ…”

“ಇವತ್ತು ಬೇಡ ಅಂತ ಹೇಳು. ನಾಳೆ ಶಾಲೆ ಬಿಟ್ಟ ಕೂಡಲೇ ನಾವು ಬರ್ತೇವೆ.”

“ನಾವು ಅಂದರೆ ಯಾರು?”

ಒಳಗೆ ಮೆಷಿನಿನ ಸದ್ದು ನಿಂತಿತು.

ಜುಲೈಕಾ ಆ ಕಡೆಗೊಮ್ಮೆ ನೋಡಿದಳು. ಪೆಟ್ಟಿಗೆಯನ್ನು ಮಗುಚಿ ಹಾಕಿ, ಪಾಕಕ್ಕೆ ಹತ್ತಿದ್ದ ಇರುವೆಗಳನ್ನು ಕೊಡವತೊಡಗಿದಳು.